ಕೇಬಲ್ ಮಷಿನ್ ಕೊಳ್ಳುವ ಮೊದಲು ಟೇಪು ಹಿಡಿದು ಅಳೆಯಿರಿ

ಮನೆಗೆ ಕೇಬಲ್ ಮಷಿನ್ (ಕೇಬಲ್ ಎಳೆದು ತೂಕ ಎತ್ತುವ ವ್ಯಾಯಾಮದ ಯಂತ್ರ) ತರುವವರು ಅಂಗಡಿಯಲ್ಲೇ ಹಿಡಿಯನ್ನು 2 ಅಡಿ ಎಳೆದು ಹಿಡಿಯಿರಿ, ತೂಕದ ಪ್ಲೇಟುಗಳು ಎಷ್ಟು ಮೇಲೆದ್ದವು ಅಂತ ಇನ್ನೊಬ್ಬರು ಅಳೆಯಲಿ. ಅವೂ 2 ಅಡಿ ಎದ್ದರೆ ಬರೆದಷ್ಟು ತೂಕವೇ ಕೈಗೆ ಸಿಗುತ್ತದೆ. 1 ಅಡಿ ಮಾತ್ರ ಎದ್ದರೆ, 60 ಕೆಜಿ ಅಂತ ಇದ್ದರೂ ಕೈಗೆ ಬರುವುದು ಸುಮಾರು 30. ನಮ್ಮ ಬಾವಿಯ ರಾಟೆ ಇದ್ದಲ್ಲೇ ಇರುತ್ತದೆ, ಕೊಡದ ಪೂರ್ತಿ ಭಾರ ಕೈಗೇ ಅಲ್ವಾ? 1 ಅಡಿ ಮಾತ್ರ ಏಳುವ ಮಷಿನ್‌ನಲ್ಲಿ ರಾಟೆಯೂ ತೂಕದ ಜೊತೆ ಮೇಲೇಳುತ್ತದೆ, ಭಾರ ಕೇಬಲ್ಲಿನ ಎರಡು ಎಳೆಗೆ ಹಂಚಿಹೋಗುತ್ತದೆ. ಎದೆ, ಭುಜದ ವ್ಯಾಯಾಮಕ್ಕೆ ಇದು ಒಳ್ಳೆಯದೇ, ಕೇಬಲ್ ಉದ್ದ ಬರುತ್ತದೆ. ಲ್ಯಾಟ್ ಪುಲ್‌ಡೌನ್ (ಮೇಲಿನ ಹಿಡಿಯನ್ನು ಕೆಳಕ್ಕೆ ಎಳೆಯುವ ಬೆನ್ನಿನ ವ್ಯಾಯಾಮ) ಜಾಸ್ತಿ ಮಾಡುವವರಿಗೆ ಮಾತ್ರ ತೂಕ ಬೇಗ ಸಾಲದಾಗುತ್ತದೆ. ರಾಟೆ ಬಿಗಿಯಾಗಿದ್ದರೆ ಈ ಅಳತೆಯಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಒಂದೇ ಪ್ಲೇಟು ಹಾಕಿ ನಿಧಾನಕ್ಕೆ ಬಿಡಿ, ನಡುವೆ ನಿಂತರೆ ಆ ಮಷಿನ್ ಬೇಡ. ಮಲ್ಪೆ, ಉಳ್ಳಾಲದ ಕಡೆ ಹಳೆಯ ಮಷಿನ್ ನೋಡುವವರು ಇದನ್ನು ಖಂಡಿತ ಮಾಡಿ. ಉಪ್ಪುಗಾಳಿಗೆ ಪ್ಲೇಟು ಜಾರುವ ಕಂಬಿಗಳು ಬೇಗ ತುಕ್ಕು ಹಿಡಿಯುತ್ತವೆ. ಮೋಟಾರಿನ ಮಷಿನ್‌ಗೆ ಈ ಅಳತೆ ಹೊಂದುವುದಿಲ್ಲ, ಅದರಲ್ಲಿ ಪ್ಲೇಟುಗಳೇ ಇಲ್ಲ.