ಡ್ಯಾಕ್‌ನ ಆಪ್‌ಆಂಪ್ ಬದಲಿಸುವವರು ಈ ಕೆಪಾಸಿಟರ್ ಮರೆಯಬೇಡಿ

ಡ್ಯಾಕ್‌ನ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಿಗ್ನಲ್ ಆಗಿಸುವ ಸಾಧನ) ಔಟ್‌ಪುಟ್‌ನಲ್ಲಿರುವ ಎನ್‌ಇ5532 ಆಪ್‌ಆಂಪ್ (ಸಿಗ್ನಲ್ ವರ್ಧಿಸುವ ಚಿಪ್) ತೆಗೆದು ಎಲ್‌ಎಂ4562 ಕೂರಿಸುವುದಾದರೆ, ಬೋರ್ಡಿನ ಹಿಂಬದಿಯಲ್ಲಿ ಚಿಪ್‌ನ ಸಪ್ಲೈ ಪಿನ್‌ಗಳಾದ 4 ಮತ್ತು 8ರ ನಡುವೆ ನೇರವಾಗಿ ಒಂದು 100 ನ್ಯಾನೋಫ್ಯಾರಡ್ ಎಕ್ಸ್‌7ಆರ್ ಸೆರಾಮಿಕ್ ಕೆಪಾಸಿಟರ್ ಸೋಲ್ಡರ್ ಮಾಡಿ. ಲೀಡ್ ಆದಷ್ಟು ಗಿಡ್ಡ ಇರಲಿ. ±15 ವೋಲ್ಟ್ ಸಪ್ಲೈ ಇದ್ದರೆ ಆ ಎರಡು ಪಿನ್‌ಗಳ ನಡುವೆ 30 ವೋಲ್ಟ್ ಬರುತ್ತದೆ, ಹಾಗಾಗಿ 50 ವೋಲ್ಟಿನದೇ ತನ್ನಿ. ಹಳೆಯ ಚಿಪ್‌ನ ಗೇನ್ ಬ್ಯಾಂಡ್‌ವಿಡ್ತ್ (ಚಿಪ್ ಎಷ್ಟು ವೇಗದ್ದು ಎಂಬುದರ ಅಳತೆ) 10 ಮೆಗಾಹರ್ಟ್ಸ್, ಹೊಸದರದ್ದು 55. ರೆಗ್ಯುಲೇಟರ್‌ನಿಂದ ಬರುವ ಉದ್ದ ಟ್ರ್ಯಾಕಿನ ಇಂಡಕ್ಟೆನ್ಸನ್ನು (ಕರೆಂಟಿನ ಬದಲಾವಣೆಗೆ ಒಡ್ಡುವ ತಡೆ) ನಿಧಾನದ ಚಿಪ್ ಸಹಿಸಿಕೊಳ್ಳುತ್ತದೆ. ವೇಗದ ಚಿಪ್ ಅದೇ ಕಾರಣಕ್ಕೆ ಆಸಿಲೇಟ್ ಆಗಬಹುದು, ಅಂದರೆ ತಾನಾಗಿಯೇ ಕಂಪಿಸತೊಡಗಬಹುದು. ಅದನ್ನು ತಡೆಯಲೆಂದೇ ಈ ಕೆಪಾಸಿಟರ್. ಮೆಗಾಹರ್ಟ್ಸ್‌ನಲ್ಲಿ ನಡೆಯುವ ಈ ಆಟ ಕಿವಿಗೆ ನೇರವಾಗಿ ಕೇಳಿಸುವುದಿಲ್ಲ. ಚಿಪ್ ಮೇಲೆ ಬೆರಳಿಡಲಾಗದಷ್ಟು ಬಿಸಿ, ದನಿಯಲ್ಲಿ ಒರಟುತನ, ಇವೇ ಸುಳಿವು (ಆ ಒರಟನ್ನೇ ‘ಡೀಟೇಲ್ ಜಾಸ್ತಿ’ ಎಂದು ಹೊಗಳುವವರೂ ಇದ್ದಾರೆ). ಆಸಿಲೋಸ್ಕೋಪ್ (ಸಿಗ್ನಲ್‌ನ ಅಲೆಯನ್ನು ತೆರೆಯ ಮೇಲೆ ತೋರಿಸುವ ಉಪಕರಣ) ಇದ್ದರೆ ಅನುಮಾನವೇ ಉಳಿಯದು. ಆದರೆ ಎಲ್ಲ ಆಸಿಲೇಷನ್‌ಗೂ ಈ ಕೆಪಾಸಿಟರ್ ಮದ್ದಲ್ಲ. ಆಪ್‌ಆಂಪ್‌ನ ಔಟ್‌ಪುಟ್ ನೇರವಾಗಿ ಆರ್‌ಸಿಎ ಸಾಕೆಟ್‌ಗೆ (ಆಡಿಯೊ ಕೇಬಲ್ ಚುಚ್ಚುವ ಜಾಗ) ಹೋಗಿದ್ದರೆ ಕೇಬಲ್ಲಿನ ಕೆಪಾಸಿಟೆನ್ಸೇ ಕಾಟ ಕೊಡುತ್ತದೆ. ಅಲ್ಲಿ ಫೀಡ್‌ಬ್ಯಾಕ್ ಲೂಪಿನ (ಔಟ್‌ಪುಟ್ಟನ್ನು ಇನ್‌ಪುಟ್‌ಗೆ ಮರಳಿಸುವ ದಾರಿ) ಹೊರಗೆ, ಸರಣಿಯಲ್ಲಿ 100 ಓಮ್ ರೆಸಿಸ್ಟರ್ ಬೇಕು. ಪಿಸಿಎಂ1794ನಂಥ ಕರೆಂಟ್ ಔಟ್‌ಪುಟ್ ಡ್ಯಾಕ್ ಆದರೆ, ಮೊದಲ ಹಂತದ ಫೀಡ್‌ಬ್ಯಾಕ್ ರೆಸಿಸ್ಟರ್‌ಗೆ ಸಮಾನಾಂತರವಾಗಿರುವ ಕೆಪಾಸಿಟರನ್ನು ‘ಸ್ವಚ್ಛ ದನಿ’ಯ ಆಸೆಗೆ ಕಿತ್ತಿದ್ದರೆ ಸಪ್ಲೈಗೆ ಏನು ಹಾಕಿದರೂ ಉಪಯೋಗವಿಲ್ಲ, ಮೊದಲು ಅದನ್ನು ವಾಪಸ್ ಕೂರಿಸಿ. ಎನ್‌ಇ5534ನಂಥ, ಒಂದೇ ಆಪ್‌ಆಂಪ್ ಇರುವ ಸಿಂಗಲ್ ಚಿಪ್‌ನಲ್ಲಿ ಸಪ್ಲೈ ಪಿನ್‌ಗಳು 4 ಮತ್ತು 7, ಎಣಿಸಿಕೊಂಡೇ ಸೋಲ್ಡರ್ ಮಾಡಿ.