ಹತ್ತನೇ ದಿನಕ್ಕೇ ಇಲಿಯೋಸ್ಟಮಿ ಮುಚ್ಚುವುದು: ನನ್ನ ಅನುಭವ

"ಹತ್ತು ದಿನಕ್ಕೆ ಮುಚ್ಚೋಕೆ ಹೋದ್ರೆ ಕರುಳು ಕೈಗೇ ಹರಿದು ಬರುತ್ತೆ ಕಣಯ್ಯ" ಅಂದಿದ್ದರು ನಮ್ಮ ಹಿರಿಯ ಸರ್ಜನ್. ಈಗ ಅವರೇ ಕೇಸು ಕಳಿಸುತ್ತಾರೆ, ಅದಿರಲಿ.

ಗುದನಾಳದ ಕ್ಯಾನ್ಸರಿಗೆ ಲೋ ಆಂಟೀರಿಯರ್ (ಗಡ್ಡೆಯಿರುವ ಭಾಗ ತೆಗೆದು ಕರುಳನ್ನು ಮತ್ತೆ ಜೋಡಿಸುವ ಆಪರೇಷನ್) ಮಾಡಿ, ಕೆಳಗಿನ ಜೋಡಣೆ ಕಾಯಲೆಂದು ಹಾಕುವ ಲೂಪ್ ಇಲಿಯೋಸ್ಟಮಿಯ ಮಾತಷ್ಟೇ ಇದು: ಸಣ್ಣ ಕರುಳಿನ ಒಂದು ಮಡಿಕೆಯನ್ನು (ಲೂಪ್) ಹೊಟ್ಟೆಯ ಮೇಲೆ ತಂದು, ಮಲ ಬ್ಯಾಗಿಗೆ ಹೋಗುವಂತೆ ಮಾಡುವ ತಾತ್ಕಾಲಿಕ ಬಾಯಿ. 8ರಿಂದ 12 ವಾರಕ್ಕೆ ಮುಚ್ಚಬೇಕು ಅನ್ನುತ್ತೇವೆ. ನಡುವೆ ಕೀಮೋ ಶುರುವಾದರೆ ಆರೇಳು ತಿಂಗಳು ಹೋದದ್ದೇ ಗೊತ್ತಾಗುವುದಿಲ್ಲ. ಅಷ್ಟು ಕಾಲ ಬ್ಯಾಗು, ಪ್ಲೇಟು, ಪೇಸ್ಟು ಎಲ್ಲಕ್ಕೂ ರೋಗಿ ದುಡ್ಡು ಸುರಿಯಬೇಕು, ಕೆಲಸಕ್ಕೂ ರಜೆ. ಬ್ಯಾಗಿಗೆ ದಿನಕ್ಕೆ 2 ಲೀಟರ್ ಹರಿದು, ಕ್ರಿಯಾಟಿನಿನ್ (ಕಿಡ್ನಿ ಸೊರಗಿದ್ದನ್ನು ತೋರುವ ರಕ್ತದ ಅಂಶ) ಏರಿ ಮತ್ತೆ ದಾಖಲಾದರೆ, ನನ್ನ ಅಂದಾಜಿನಲ್ಲಿ ಆ ಒಂದು ಬಿಲ್ಲೇ ಮುಚ್ಚುವ ಆಪರೇಷನ್ನಿನ ಖರ್ಚಿಗೆ ಹತ್ತಿರ ಬರುತ್ತದೆ.

ಡೆನ್ಮಾರ್ಕ್-ಸ್ವೀಡನ್ನಿನ ಈಸಿ (EASY) ಟ್ರಯಲ್, ಅಂದರೆ ಬೇಗ ಮತ್ತು ತಡವಾಗಿ ಮುಚ್ಚುವುದನ್ನು ಹೋಲಿಸಿದ ಅಧ್ಯಯನ, 2017ರಲ್ಲಿ ಬಂತು. 8ರಿಂದ 13ನೇ ದಿನದೊಳಗೆ ಮುಚ್ಚಿದವರಿಗೆ ವರ್ಷದ ಲೆಕ್ಕದಲ್ಲಿ ತೊಡಕು ಕಮ್ಮಿ. ಆಮೇಲೆ ಸ್ವಿಟ್ಜರ್ಲೆಂಡಿನಲ್ಲಿ ಎರಡು ವಾರಕ್ಕೆ ಮುಚ್ಚುವ ಟ್ರಯಲನ್ನು ಸುರಕ್ಷತೆಯ ಕಾರಣಕ್ಕೆ ಅರ್ಧಕ್ಕೇ ನಿಲ್ಲಿಸಿದರು. ಅದನ್ನೇ ಹಿಡಿದು ನನ್ನನ್ನು ಸಾಕಷ್ಟು ಚುಚ್ಚಿದರು. ರೋಗಿಯನ್ನು ಆರಿಸುವುದರಲ್ಲೇ ಎಲ್ಲ ಇದೆ ಎಂಬುದು ನನ್ನ ಮಾತು. ಸಕ್ಕರೆ ಕಾಯಿಲೆ, ಸ್ಟಿರಾಯ್ಡ್, ಜ್ವರ, ಇಳಿಯದ ಸಿಆರ್‌ಪಿ (ಒಳಗಿನ ಉರಿಯೂತ ತೋರುವ ರಕ್ತಪರೀಕ್ಷೆ), ಇವುಗಳಲ್ಲಿ ಒಂದಿದ್ದರೂ ಬೇಡ. ವಾರ ಕಳೆದ ಮೇಲೆ ಕೆಳಗಿನ ಜೋಡಣೆ ಸೋರುತ್ತಿಲ್ಲವೇ ಎಂದು ನೋಡಲು ಗುದದಿಂದ ಕಾಂಟ್ರಾಸ್ಟ್ (ಸ್ಕ್ಯಾನಿನಲ್ಲಿ ಕಾಣುವ ದ್ರವ) ಬಿಟ್ಟು ಸಿಟಿ. ಜತೆಗೆ ಸ್ಕೋಪ್ ನಾನೇ ಹಾಕಿ ನೋಡುತ್ತೇನೆ, ವರದಿ ನಂಬಿ ಕೂರುವುದಿಲ್ಲ. ಹೀಗೆ ಸೋಸಿದರೆ ಮೂವರಲ್ಲಿ ಒಬ್ಬರು ಉಳಿದಾರು.

ನಿಜವಾದ ತಲೆನೋವು ಊತ. ಹತ್ತನೇ ದಿನದ ಲೂಪ್ ನೆನೆದ ರಟ್ಟಿನಂತಿರುತ್ತದೆ. ಒಮ್ಮೆ ದಪ್ಪ ಗೋಡೆಯ ಮೇಲೆ ಸ್ಟೇಪ್ಲರ್ (ಕರುಳಿಗೆ ಪಿನ್ ಹೊಡೆದು ಜೋಡಿಸುವ ಸಾಧನ) ಸರಿಯಾಗಿ ಕೂರದೆ ಅಂಚು ಒಸರಿತು; ಆ ಸಾಲನ್ನು ಕತ್ತರಿಸಿ ಕೈಹೊಲಿಗೆ ಹಾಕಬೇಕಾಯಿತು. ಅಂದಿನಿಂದ ಬೇಗ ಮುಚ್ಚುವ ಕೇಸಿಗೆ ಕೈಹೊಲಿಗೆಯೇ. ಸ್ಟೇಪ್ಲರಿನ ದುಡ್ಡೂ ಉಳಿಯಿತು. ಅಂಚು ಹೊಲಿಗೆ ಹಿಡಿಯದಿದ್ದರೆ ನಾಲ್ಕಾರು ಸೆಂಟಿಮೀಟರ್ ತೆಗೆದು ಜೋಡಿಸುತ್ತೇನೆ. ಲೂಪ್ ತೀರಾ ಕೆಟ್ಟಿದ್ದರೆ ಮುಟ್ಟದೆ ಮತ್ತೆ ಬ್ಯಾಗ್ ಹಾಕಿ ಕಳಿಸಿದ್ದೂ ಉಂಟು. ಗಾಯ ಕೀವಾಗುವುದೂ ಬೇಗ ಮುಚ್ಚಿದವರಲ್ಲೇ ಜಾಸ್ತಿ ಕಂಡೆ. ಚರ್ಮಕ್ಕೆ ಪರ್ಸ್-ಸ್ಟ್ರಿಂಗ್ (ಚೀಲದ ಬಾಯಿ ಬಿಗಿದಂತೆ ಸುತ್ತಲೂ ಹಾಕುವ ಹೊಲಿಗೆ) ಹಾಕಿ ನಡುವೆ ತೂತು ಬಿಟ್ಟ ಮೇಲೆ ಆ ಕಾಟ ಬಹುಪಾಲು ಹೋಯಿತು. ಲೂಪನ್ನು ಹೊಟ್ಟೆಗೋಡೆಯಿಂದ ಬಿಡಿಸಲು ಬೆರಳಿನದೊಂದು ವರಸೆ ಇದೆ. ಅದನ್ನು ಬರೆಯುವುದಿಲ್ಲ, ಥಿಯೇಟರಿಗೆ ಬನ್ನಿ. ಇಲ್ಲಿಯವರೆಗೆ ಮೂವತ್ತರ ಆಸುಪಾಸು ಆಗಿರಬೇಕು. ಸಣ್ಣ ಕರುಳಿನ ಜೋಡಣೆ ಸೋರಿದ್ದು ಒಂದೇ.

ತಡವಾಗಿ ಮುಚ್ಚುವವರ ಮೇಲೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಮುಚ್ಚುವುದಕ್ಕೆ ಎರಡು ವಾರ ಮುಂಚಿನಿಂದ ಲೂಪಿನ ಕೆಳಗಿನ ತೂತಿಗೆ, ಅಂದರೆ ಮಲ ಹೋಗದ ಕರುಳಿನ ಕಡೆಗೆ, ಸಲೈನಿನಲ್ಲಿ ಗಟ್ಟಿಪುಡಿ (ದ್ರವವನ್ನು ಗಟ್ಟಿ ಮಾಡುವ ಪುಡಿ) ಕಲಸಿ ಬಿಡುವುದು. ಸುಮ್ಮನೆ ಮಲಗಿದ್ದ ಕರುಳು ಎದ್ದು, ಆಪರೇಷನ್ ನಂತರ ಗ್ಯಾಸ್ ಬೇಗ ಹೋದಂತೆ ಕಂಡಿತು. ಆದರೆ ದಿನಾ ಅಷ್ಟು ಹೊತ್ತು ಕೊಡಲು ಸಿಸ್ಟರುಗಳಿಗೆ ಪುರುಸೊತ್ತಿಲ್ಲ. ಕೈಬಿಟ್ಟೆ.

ಎರಡು ವಾರ ದಾಟಿದರೆ ನಾನು ಕೈ ಹಾಕುವುದಿಲ್ಲ. ಆಪರೇಷನ್ನಿನ ನಂತರ ಕರುಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ; ಮೂರರಿಂದ ಆರನೇ ವಾರದ ಅಂಟು ಅತ್ಯಂತ ಕೆಟ್ಟದ್ದು. ಅಂಥವರಿಗೆ ಎಂಟು ವಾರ ಕಳೆಯಲಿ ಅನ್ನುತ್ತೇನೆ. ಕೀಮೋ ಇದ್ದರೆ ಆಂಕಾಲಜಿಯವರ ಜತೆ ಮೊದಲೇ ಕೂತು ತಾರೀಕು ಬರೆಸಿಕೊಳ್ಳುತ್ತೇನೆ.