ನದಿಯ ಮರಳು: ಎಷ್ಟು ತೆಗೆಯಬಹುದು ಎಂದು ಲೆಕ್ಕ ಹಾಕುವುದು ಹೇಗೆ?

ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು ಮತ್ತು ಜಲ್ಲಿ ಬಳಸುತ್ತಿದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2022ರ ವರದಿ ಅಂದಾಜಿಸಿದೆ. ಮರುಭೂಮಿಯ ಮರಳು ಗಾಳಿಗೆ ಉರುಳಿ ನುಣುಪಾಗಿರುವುದರಿಂದ ಕಾಂಕ್ರೀಟಿಗೆ ಒಗ್ಗದು. ಹಾಗಾಗಿ ಎಲ್ಲರ ಕಣ್ಣೂ ನದಿಯ ಮೇಲೆ. ಪರವಾನಗಿ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿಗೆ ವರ್ಷಕ್ಕೆ ಎಷ್ಟು ಮರಳು ಬಂದು ಬೀಳುತ್ತದೆ?

ಮೊದಲು ಅಳತೆ

ಪ್ರವಾಹಕ್ಕೆ ಮುನ್ನ ನದಿಗೆ ಅಡ್ಡಲಾಗಿ ಸಮಾನ ಅಂತರದಲ್ಲಿ ಗೆರೆಗಳನ್ನು ಗುರುತಿಸಿ, ದಡದಲ್ಲಿ ಅಲುಗದ ಗುರುತುಕಲ್ಲು ನೆಡಬೇಕು. ಪ್ರತಿ ಗೆರೆಯ ಉದ್ದಕ್ಕೂ ಪಾತ್ರದ ಮಟ್ಟ ಬರೆದುಕೊಳ್ಳಬೇಕು. ನೆರೆ ಇಳಿದ ಮೇಲೆ ಅದೇ ಕಲ್ಲಿನಿಂದ, ಅದೇ ಗೆರೆಯಲ್ಲಿ ಮತ್ತೊಮ್ಮೆ ಅಳೆಯಬೇಕು. ಒಂದು ಕಿಲೋಮೀಟರ್ ಉದ್ದ, 60 ಮೀಟರ್ ಅಗಲದ ಪಾತ್ರ ಸರಾಸರಿ 20 ಸೆಂಟಿಮೀಟರ್ ಏರಿದ್ದರೆ ಬಂದಿರುವುದು 12,000 ಘನ ಮೀಟರ್. ಅಷ್ಟನ್ನೂ ಬಾಚುವಂತಿಲ್ಲ, ಕೆಳಗಿನ ಪಾತ್ರಕ್ಕೂ ಕಡಲತೀರಕ್ಕೂ ಪಾಲು ಉಳಿಯಬೇಕು. ಒಂದು ದೊಡ್ಡ ನೆರೆಯ ಲೆಕ್ಕವನ್ನು ಪ್ರತಿ ವರ್ಷಕ್ಕೂ ಅನ್ವಯಿಸುವುದಂತೂ ಶುದ್ಧ ತಪ್ಪು. ಮೇಲ್ಗಡೆ ಅಣೆಕಟ್ಟಿದ್ದರೆ ಉತ್ತರ ಸೊನ್ನೆಯೂ ಆಗಬಹುದು. ಅಂಥಲ್ಲಿ ಜಲಾಶಯದಲ್ಲಿ ಕೂತ ಮರಳನ್ನು ತೆಗೆಯುವುದೇ ಮೇಲು.

‘ಹೋದ ವರ್ಷದ ಗುಂಡಿ ತುಂಬಿದೆಯಲ್ಲ’ ಎಂಬ ವಾದಕ್ಕೆ ಮರುಳಾಗಬಾರದು. ಆಳದ ಗುಂಡಿಯ ಮೇಲ್ಬದಿಯ ಅಂಚು ಕಡಿದಾಗಿರುತ್ತದೆ. ಅಲ್ಲಿ ರಭಸ ಪಡೆಯುವ ನೀರು ಅಂಚನ್ನು ಕೊರೆಯುತ್ತದೆ. ಕೊರೆತ ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಸರಿಯುತ್ತದೆ. ಹೊತ್ತ ಮರಳನ್ನು ಗುಂಡಿಯಲ್ಲಿ ಇಳಿಸಿ ಮುಂದೆ ಹೋದ ನೀರು ಕೆಳಗಿನ ಪಾತ್ರವನ್ನು ಕೆರೆಯುತ್ತದೆ. ಗುಂಡಿ ತುಂಬಿದ್ದು ನೆರೆಹೊರೆಯ ಪಾತ್ರದ ಮರಳಿನಿಂದ. ಈ ಕೊರೆತ ಸೇತುವೆಯ ಕಂಬದವರೆಗೂ ಹೋಗುತ್ತದೆ. 2001ರ ಮಾರ್ಚ್‌ನಲ್ಲಿ ಪೋರ್ಚುಗಲ್‌ನ ಡೌರೊ ನದಿಯ ಸೇತುವೆ ಕುಸಿದು 59 ಜನ ಸತ್ತರು. ವರ್ಷಗಟ್ಟಲೆ ನಡೆದ ಮರಳುಗಾರಿಕೆ ಕಂಬದ ಬುಡವನ್ನು ಸಡಿಲಿಸಿದ್ದು ಅದಕ್ಕೊಂದು ಕಾರಣವಾಗಿತ್ತು.

ಜಾಗ ಮತ್ತು ಆಳ

ಸೇತುವೆ, ಕುಡಿಯುವ ನೀರಿನ ಜಾಕ್‌ವೆಲ್ (ನದಿಯಿಂದ ನೀರೆತ್ತುವ ಬಾವಿ), ತಿರುವಿನ ಹೊರದಡ, ಆಮೆಗಳು ಮೊಟ್ಟೆಯಿಡುವ ದಿಬ್ಬಗಳನ್ನು ನಕ್ಷೆಯಲ್ಲಿ ಮೊದಲೇ ಹೊರಗಿಡಬೇಕು. ಉಳಿದಲ್ಲಿ ನೀರಿನಿಂದ ಮೇಲೆದ್ದ ದಿಬ್ಬದ ಮೇಲ್ಪದರವನ್ನಷ್ಟೇ ತೆಳುವಾಗಿ ತೆಗೆಯಬೇಕು. ಹರಿಯುವ ನೀರಿಗೆ ಯಂತ್ರ ಇಳಿಸಿದರೆ ಎದ್ದ ಕೆಸರು ಮೀನಿನ ಮೊಟ್ಟೆಗಳನ್ನು ಮುಚ್ಚುತ್ತದೆ. ಪಾತ್ರ ತಗ್ಗಿದಂತೆ ಅಕ್ಕಪಕ್ಕದ ಅಂತರ್ಜಲ ನದಿಯತ್ತ ಸೋರಿ ಬಾವಿಗಳು ಬತ್ತುತ್ತವೆ. ಸಮುದ್ರ ಹತ್ತಿರವಿದ್ದರೆ ಉಪ್ಪುನೀರು ಒಳನುಗ್ಗುತ್ತದೆ.

ಲಾರಿ ಲೆಕ್ಕ

ಲಾರಿ ತೂಗುವ ವೇಬ್ರಿಡ್ಜ್‌ನ ಚೀಟಿ, ಜಿಪಿಎಸ್, ಕ್ಯಾಮೆರಾ ಎಲ್ಲ ಇರಲಿ. ಆದರೆ ಚೀಟಿಗಳ ಒಟ್ಟು ಮೊತ್ತವನ್ನು ಪಾತ್ರದ ಮುಂದಿನ ಅಳತೆಯೊಂದಿಗೆ ತಾಳೆ ಹಾಕದಿದ್ದರೆ ಅವು ಬರಿಯ ಕಾಗದ. ಕಾಗದದಲ್ಲಿ ಕಡಿಮೆ ತೆಗೆದು ಪಾತ್ರ ಹೆಚ್ಚು ತಗ್ಗಿದ್ದರೆ ಆ ಭಾಗದಲ್ಲಿ ಕೆಲಸ ನಿಲ್ಲಿಸಿ ಕಾರಣ ಹುಡುಕಬೇಕು.

ಬೇಡಿಕೆ ಕುಗ್ಗದೆ ಕಾವಲು ಹೆಚ್ಚು ದಿನ ಬಾಳದು. ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡ್ ನದಿಯ ಹೊರೆ ಇಳಿಸುತ್ತದೆ, ಆದರೆ ಅದಕ್ಕೆ ಕರಗುವುದು ಇನ್ನೊಂದು ಬೆಟ್ಟ. ಕೆಡವಿದ ಕಟ್ಟಡದ ಕಾಂಕ್ರೀಟನ್ನು ಪುಡಿ ಮಾಡಿ ರಸ್ತೆಯ ತಳಪದರಕ್ಕೂ ತುಂಬುವ ಕೆಲಸಕ್ಕೂ ಬಳಸಬಹುದು. ತಗ್ಗು ನೆಲ ತುಂಬಲು ನದಿಮರಳು ಸುರಿಯುವುದನ್ನು ಮೊದಲು ನಿಲ್ಲಿಸಬೇಕು.